ಆ ಕೆಂಪು ಕಮ್ಮಿ ಮಾಡಿ ಅಂದರು

"ಕೆಂಪು ಸ್ವಲ್ಪ ಕಮ್ಮಿ ಮಾಡ್ತೀರಾ ಸರ್? ಸೋಫಾಗೆ ಮ್ಯಾಚ್ ಆಗ್ತಿಲ್ಲ."

ಬೆಂಗಳೂರಿನ ಒಂದು ಕಂಪನಿಯ ಲಾಬಿಗೆ ಎಂಟಡಿ ಕ್ಯಾನ್ವಾಸ್ ಮಾಡಿದ್ದೆ. ಸ್ಕ್ರೀನಲ್ಲಿ ತೋರಿಸಿದ ಮಾದರಿ, ಅಂದರೆ ಮಾಕ್‌ಅಪ್, ಅಪ್ರೂವ್ ಆಗಿತ್ತು, ಪಿಓ (ಖರೀದಿ ಆದೇಶ) ಬಂದಿತ್ತು, ಅಡ್ವಾನ್ಸೂ ಬಂದಿತ್ತು. ಗೋಡೆಗೆ ಹಾಕುವ ದಿನ ಈ ಮಾತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಚಿತ್ರ ಬಳ್ಳಾರಿ ಜಿಲ್ಲೆಯ ಗಣಿ ಊರು ಸಂಡೂರಿನ ಗುಡ್ಡಗಳದ್ದು. ಅಬ್‌ಸ್ಟ್ರಾಕ್ಟ್ ಆದ್ದರಿಂದ ಗುಡ್ಡ, ಮರ, ಲಾರಿ ಯಾವುದೂ ಕಾಣುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಸಂಡೂರು ಹಸಿರೋ ಹಸಿರು. ಅದಿರಿಗಾಗಿ ಕಡಿದ ಕಡೆ ಅದೇ ಗುಡ್ಡ ಮೆಟ್ಟಿಲು ಮೆಟ್ಟಿಲಾಗಿ ಕೆಂಪು. ಅದಕ್ಕೇ ಮೊದಲು ಹಸಿರಿನ ಪದರ ಹಾಕಿ, ಒಣಗಿಸಿ, ಮೇಲೆ ಕೆಂಪನ್ನು ಪೇಂಟಿಂಗ್ ನೈಫಲ್ಲಿ ಎಳೆದೆ. ಹಸಿರು ಅಂಚಲ್ಲಿ ಮಾತ್ರ ಇಣುಕುತ್ತದೆ.

ಆ ಕೆಂಪು ಟ್ಯೂಬಿನದ್ದಲ್ಲ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆ ಬದಿಯ ಧೂಳು. ಅಲ್ಲಿನ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಅಂಗಡಿಯ ರೆಡ್ ಆಕ್ಸೈಡ್‌ನಲ್ಲಿ ಇರುವುದೂ ಅದೇ. ಮಾಸ್ಕ್ ಹಾಕಿಕೊಂಡು, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಗಾಜಿನ ಮೇಲೆ ಮೀಡಿಯಮ್ (ಪುಡಿಯನ್ನು ಹಿಡಿದಿಡುವ ಅಂಟು) ಸೇರಿಸಿ ಅರೆದೆ. ಮೀಡಿಯಮ್ ಕಮ್ಮಿಯಾದರೆ ಒಣಗಿದ ಮೇಲೆ ಬಣ್ಣ ಕೈಗೆ ಹತ್ತುತ್ತದೆ. ಸರಿಯಾಗಿ ಅರೆದರೂ ಒಂದಿಷ್ಟು ತರಿ ಉಳಿಯುತ್ತದೆ. ನನಗೆ ಬೇಕಿದ್ದದ್ದು ಆ ತರಿಯೇ.

ಇದನ್ನೆಲ್ಲ ಮೀಟಿಂಗ್ ರೂಮಲ್ಲಿ ಹೇಳಿದೆ. ಕೆಲಸ ಕೊಡಿಸಿದ ಆರ್ಟ್ ಕನ್ಸಲ್ಟೆಂಟ್ ಫೋನಿನಿಂದ ತಲೆ ಎತ್ತಲಿಲ್ಲ. ಅಡ್ಮಿನ್ ಹೆಡ್ ಮೇಡಂ, "ಮೇಲೊಂದು ಬೀಜ್ ಗ್ಲೇಜ್ ಹೊಡೆದ್ರೆ ಆಯ್ತಲ್ವಾ?" ಅಂದರು. ಅಂದರೆ ಕೆಂಪಿನ ಮೇಲೆ ತೆಳುವಾದ ತಿಳಿಗಂದು ಪದರ. ಕೆಳಗೆ ಫೆಸಿಲಿಟಿ ಹುಡುಗರು ಏಣಿ ಹಾಕಿಕೊಂಡು ಕಾಯುತ್ತಿದ್ದರು. ಅರ್ಧ ದುಡ್ಡು ಇನ್ನೂ ಬಾಕಿ. ಫ್ರೇಮಿನವರಿಗೆ ಕೊಡಬೇಕಿತ್ತು, ಬಾಡಿಗೆ ಕಟ್ಟಬೇಕಿತ್ತು. ಗಂಟಲು ಒಣಗಿತು.

"ಬಣ್ಣ ಮುಟ್ಟಲ್ಲ ಮೇಡಂ. ಬೇಡ ಅಂದ್ರೆ ವಾಪಸ್ ಒಯ್ತೀನಿ" ಅಂದೆ.

ಯಾರೂ ಮಾತಾಡಲಿಲ್ಲ. ಎಸಿ ಸದ್ದೊಂದೇ. ಆಮೇಲೆ ಮೇಡಂ, "ಸರಿ, ಹೆಸರನ್ನಾದ್ರೂ ಬದಲಾಯಿಸಿ. ಸನ್‌ಸೆಟ್ ಅಂತ ಹಾಕಿ."

ಬಣ್ಣದ ಮಾತಿಗಿಂತ ಇದು ಜಾಸ್ತಿ ಚುಚ್ಚಿತು. ಫಲಕದಲ್ಲಿ ಇದ್ದದ್ದು 'ಸಂಡೂರು, 2011'. ಆ ವರ್ಷದ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ವರದಿ ಬಂತು, ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿತು. 2013ರಲ್ಲಿ ಷರತ್ತುಗಳ ಮೇಲೆ ಮತ್ತೆ ಬಿಟ್ಟಿತು. ಸನ್‌ಸೆಟ್ ಅಂತ ಬರೆದರೆ ಜನ ಚೆನ್ನಾಗಿದೆ ಅಂದುಕೊಂಡು ಲಿಫ್ಟ್ ಹತ್ತುತ್ತಾರೆ, ಅಷ್ಟೇ. ಅಬ್‌ಸ್ಟ್ರಾಕ್ಟ್ ಚಿತ್ರದಲ್ಲಿ ಊರಿನ ಗುರುತು ಹೇಳಲು ಹೆಸರು ಬಿಟ್ಟು ಬೇರೇನಿದೆ? ಅದಕ್ಕೂ ಆಗಲ್ಲ ಅಂದೆ.

ಕೊನೆಗೆ ಚಿತ್ರ ಹಾಗೇ, ಅದೇ ಹೆಸರಲ್ಲಿ ಗೋಡೆ ಏರಿತು. ಬ್ಯಾಲೆನ್ಸ್‌ಗೆ ಮಾತ್ರ ಫಾಲೋಅಪ್ ಮೇಲೆ ಫಾಲೋಅಪ್. ವೆಂಡರ್ ಕೋಡ್ ಸರಿಯಿಲ್ಲ, ಇನ್‌ವಾಯ್ಸ್ ಫಾರ್ಮ್ಯಾಟ್ ಸರಿಯಿಲ್ಲ ಅಂತ ಸುಮ್ನೆ ಅಲೆಸಿದರು.

ಈ ಕೆಲಸ ಮಾಡುವವರಿಗೆ ಹೇಳುವುದಿಷ್ಟು. ಮಾಕ್‌ಅಪ್ ಅಪ್ರೂವಲ್ ನಂಬಬೇಡಿ, ಈ ಕೆಂಪು ಸ್ಕ್ರೀನಲ್ಲಿ ಬರುವುದೇ ಇಲ್ಲ. ಅದೇ ಧೂಳು ಹಚ್ಚಿದ ಅಂಗೈಯಗಲದ ಕ್ಯಾನ್ವಾಸ್ ತುಂಡು ಮೊದಲೇ ಕಳಿಸಿ. ಚಿತ್ರದ ಹೆಸರನ್ನು ಕೊಟೇಶನ್‌ನಲ್ಲೇ ಬರೆದು, ಪಿಓದಲ್ಲೂ ಬರುವಂತೆ ನೋಡಿಕೊಳ್ಳಿ. ಕನ್ಸಲ್ಟೆಂಟ್ ನಮ್ಮ ಪರ ಮಾತಾಡುತ್ತಾರೆ ಅಂತ ಕಾಯಬೇಡಿ.