ಅಜ್ಜಿ ಮನೆ ಮಾಳಿಗೆ ಮೇಲಿನ 40 ಟನ್ ಮಣ್ಣು

ನಮ್ಮ ಅಜ್ಜಿ ಮನೆ ಇರುವುದು ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ. ಮಾಳಿಗೆ ಮನೆ. ಕಲ್ಲು ಮಣ್ಣಿನ ಗೋಡೆ, ಮೇಲೆ ತೊಲೆ, ಜಂತೆ, ಅದರ ಮೇಲೆ ಮಣ್ಣು. ಪ್ರತಿ ವರ್ಷ ಮಳೆ ಶುರುವಾಗುವ ಮುಂಚೆ ಮಾವ ಕರಲು ಮಣ್ಣು ತಂದು ಮೇಲೆ ಹರಡುತ್ತಾರೆ, ಇಲ್ಲದಿದ್ದರೆ ಸೋರುತ್ತದೆ. ಹಳೇ ಮಣ್ಣನ್ನು ಯಾರೂ ಕೆರೆದು ಇಳಿಸುತ್ತಿರಲಿಲ್ಲ. ಅಜ್ಜನ ಕಾಲದಿಂದ ಹೀಗೆ ಸೇರುತ್ತಾ ಸೇರುತ್ತಾ ಒಂದೂವರೆ ಅಡಿ ದಪ್ಪ ಆಗಿತ್ತು. ಈಚೆಗೆ ಕೂತು ಲೆಕ್ಕ ಹಾಕಿದೆ. ಉದ್ದ 30 ಅಡಿ, ಅಗಲ 20 ಅಡಿ. ಒಟ್ಟು ಸುಮಾರು 40 ಟನ್ ಮಣ್ಣು! ಅದರ ಕೆಳಗೆ ಅಜ್ಜಿ ಮಲಗುತ್ತಿದ್ದರು.

ಈ ಲೆಕ್ಕ ಯಾಕೆ ಅಂದರೆ, ಭೂಕಂಪಕ್ಕೆ ನೆಲಸಮವಾದ ಮಹಾರಾಷ್ಟ್ರದ ಲಾತೂರ್ ಕಡೆಯ ಕಿಲ್ಲಾರಿಯ ಮನೆಗಳೂ ಹೀಗೇ ಇದ್ದವು. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಇತ್ತು. ಹಿಂದಿನ ದಿನ ಗಣೇಶನನ್ನು ನೀರಿಗೆ ಬಿಟ್ಟು ಬಂದು ಜನ ದಣಿದು ಮಲಗಿದ್ದರು. 6.2 ತೀವ್ರತೆಯ ಭೂಕಂಪ, ಸತ್ತವರು ಹತ್ತಿರ ಹತ್ತಿರ 10,000. ಅಲ್ಲೂ ಕಲ್ಲಿನ ದಪ್ಪ ಗೋಡೆ, ನಡುವೆ ಮಣ್ಣು, ಮೇಲೆ ಒಂದೆರಡು ಅಡಿ ಮಣ್ಣಿನ ಮಾಳಿಗೆ. ಗೋಡೆಯ ಒಳಮುಖದ ಕಲ್ಲಿಗೂ ಹೊರಮುಖದ ಕಲ್ಲಿಗೂ ಹಿಡಿತವೇ ಇರಲಿಲ್ಲ, ಅಲುಗಾಡಿದ ಕೂಡಲೇ ಎರಡೂ ಬೇರೆ ಬೇರೆಯಾಗಿ ಬಿದ್ದವು, ಹಿಂದೆಯೇ ಮಾಳಿಗೆ ಕುಸಿಯಿತು. ಆಗ ಕಿಲ್ಲಾರಿ ಇದ್ದದ್ದು ನಮ್ಮ ದೇಶದ ಭೂಕಂಪದ ಅಪಾಯದ ನಕ್ಷೆಯ ಒಂದನೇ ವಲಯದಲ್ಲಿ, ಅಂದರೆ ಅತಿ ಕಡಿಮೆ ಅಪಾಯದ ಜಾಗ. ಆಮೇಲೆ 2002ರಲ್ಲಿ ಆ ವಲಯವನ್ನೇ ತೆಗೆದುಹಾಕಿದರು. ನಾವು ದಾವಣಗೆರೆ, ಚಿತ್ರದುರ್ಗದವರು ಎರಡನೇ ವಲಯದವರು ಅಂತ ಶಾಲೆಯಿಂದ ಓದಿಕೊಂಡು ಬಂದಿದ್ದೇವಲ್ಲ, ಆ ಪಟ್ಟಿಯಲ್ಲಿ ಈಗ ಅದಕ್ಕಿಂತ ಕೆಳಗೆ ಇನ್ನೊಂದಿಲ್ಲ.

ಬಡ ದೇಶ ಅಂತ ಹೀಗಾಯಿತು, ಜಪಾನ್ ಆಗಿದ್ದರೆ ಆಗುತ್ತಿರಲಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆದರೆ 1995ರಲ್ಲಿ ಜಪಾನಿನ ಕೋಬೆ ನಗರದ ಭೂಕಂಪದಲ್ಲಿ 6,434 ಜನ ಸತ್ತರು. ಹೆಚ್ಚಿನವರು ಸತ್ತದ್ದು ಹಳೇ ಮರದ ಮನೆಗಳಲ್ಲಿ, ಆ ಮನೆಗಳ ಮೇಲೆ ಮಣ್ಣಿನಲ್ಲಿ ಕೂರಿಸಿದ ಭಾರದ ಹೆಂಚು ಇತ್ತು. ಅಲ್ಲೂ ತಲೆ ಮೇಲಿನ ಭಾರವೇ! ಜಪಾನಿನಲ್ಲಿ 1981ರಲ್ಲಿ ಕಟ್ಟಡದ ಹೊಸ ನಿಯಮ ಬಂದಿತ್ತು, ಅದರಂತೆ ಕಟ್ಟಿದವು ಎಷ್ಟೋ ಚೆನ್ನಾಗಿ ತಡೆದುಕೊಂಡವು. ಇನ್ನೊಂದು ಮಾತು, ಕೋಬೆಯಲ್ಲಿ ಅವಶೇಷದಡಿ ಸಿಕ್ಕಿಕೊಂಡವರಲ್ಲಿ ಹೆಚ್ಚಿನವರನ್ನು ಹೊರಗೆಳೆದದ್ದು ಮನೆಯವರು, ಪಕ್ಕದ ಮನೆಯವರು. ಅಷ್ಟು ಶ್ರೀಮಂತ ದೇಶದಲ್ಲೂ ಮೊದಲ ಗಂಟೆಗಳಲ್ಲಿ ಬಂದದ್ದು ನೆರೆಹೊರೆಯೇ.

ದುಡ್ಡಿನ ಮಾತು ಬಂದಾಗ ನನಗೆ ನೆನಪಾಗುವುದು 2010. ಜನವರಿ 12ಕ್ಕೆ ಕೆರಿಬಿಯನ್ ಕಡೆಯ ಬಡ ದೇಶ ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪ, ಫೆಬ್ರವರಿ 27ಕ್ಕೆ ದಕ್ಷಿಣ ಅಮೆರಿಕದ ಚಿಲಿಯಲ್ಲಿ 8.8. ಚಿಲಿಯದು ಶಕ್ತಿಯಲ್ಲಿ ಸುಮಾರು 500 ಪಟ್ಟು ಜಾಸ್ತಿ. ಹೈಟಿಯಲ್ಲಿ ಲಕ್ಷಗಟ್ಟಲೆ ಜನ ಸತ್ತರು, ಚಿಲಿಯಲ್ಲಿ 500 ಚಿಲ್ಲರೆ. ಹೈಟಿಯ ಭೂಕಂಪ ರಾಜಧಾನಿಗೆ ತೀರಾ ಹತ್ತಿರ ಆಯಿತು, ಚಿಲಿಯದು ಸಮುದ್ರದಡಿ ಆಯಿತು, ಅದನ್ನೂ ಹೇಳಬೇಕು. ಆದರೂ ಅಷ್ಟೊಂದು ವ್ಯತ್ಯಾಸ ಅದರಿಂದ ಮಾತ್ರ ಬರುವುದಿಲ್ಲ. ಚಿಲಿ 1960ರಲ್ಲಿ 9.5 ನೋಡಿದ ದೇಶ, ಇದುವರೆಗೆ ಅಳೆದದ್ದರಲ್ಲೇ ದೊಡ್ಡದು. ಅಲ್ಲಿ ಕಟ್ಟಡ ಕಟ್ಟಿ ಮಾರಿದವರು 10 ವರ್ಷ ಅದರ ಗಟ್ಟಿತನಕ್ಕೆ ಜವಾಬ್ದಾರರು. ಕಾನ್ಸೆಪ್ಸಿಯಾನ್ ನಗರದಲ್ಲಿ 15 ಮಹಡಿಯ ಒಂದು ಕಟ್ಟಡ ಹಾಗೇ ಮಗುಚಿ ಬಿದ್ದು 8 ಜನ ಸತ್ತಾಗ, ಕಟ್ಟಿದವರು ಕೋರ್ಟಿನ ಮುಂದೆ ನಿಲ್ಲಬೇಕಾಯಿತು. ಹೈಟಿಯಲ್ಲಿ ಕೇಳುವವರೇ ಇರಲಿಲ್ಲ. ಸಾಲದ್ದಕ್ಕೆ ಅದೇ ವರ್ಷ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಶಿಬಿರದಿಂದ ನದಿಗೆ ಕಾಲರಾ ಸೇರಿ ಮತ್ತೆ ಸಾವಿರಾರು ಜನ ಹೋದರು. ಸಹಾಯಕ್ಕೆ ಅಂತ ಇದ್ದವರಿಂದಲೇ ಹೀಗಾಯಿತಲ್ಲ, ಓದುವಾಗ ಹೊಟ್ಟೆ ಉರಿಯುತ್ತದೆ.

ಟರ್ಕಿ ಬಡ ದೇಶವಲ್ಲ. ನಿಯಮವೂ ಚೆನ್ನಾಗಿಯೇ ಇತ್ತು. ಆದರೆ 2018ರಲ್ಲಿ ಅಕ್ರಮ ಕಟ್ಟಡಗಳನ್ನು ದುಡ್ಡು ಕಟ್ಟಿಸಿಕೊಂಡು ಸಕ್ರಮ ಮಾಡಿದರು. 2023ರ ಫೆಬ್ರವರಿಯ ಭೂಕಂಪದಲ್ಲಿ ಅಲ್ಲಿ 50,000ಕ್ಕೂ ಹೆಚ್ಚು ಜನ ಸತ್ತರು. ಅಕ್ರಮ ಸಕ್ರಮ ಅನ್ನುವ ಮಾತು ನಮಗೇನೂ ಹೊಸದಲ್ಲ, ಅಲ್ವಾ?

ದಾವಣಗೆರೆಯಲ್ಲಿ ನಾವೂ ಮನೆ ಕಟ್ಟಿಸುತ್ತಿದ್ದೇವೆ. ಪಿಲ್ಲರಿನ ಕಬ್ಬಿಣಕ್ಕೆ ಸುತ್ತುವ ರಿಂಗಿನ ತುದಿಯನ್ನು ನೇರ ಮೂಲೆಗೆ, ಅಂದರೆ 90 ಡಿಗ್ರಿಗೆ ಮಡಚಿ ಬಿಟ್ಟಿದ್ದರು. 135 ಡಿಗ್ರಿಗೆ, ಪಿಲ್ಲರಿನ ಹೊಟ್ಟೆಯೊಳಕ್ಕೆ ಮಡಚಿ ಅಂದೆ. ಮನೆ ಜೋರಾಗಿ ಅಲುಗಾಡಿದಾಗ ಪಿಲ್ಲರಿನ ಹೊರಮೈಯ ಕಾಂಕ್ರೀಟ್ ಸಿಡಿದುಹೋಗುತ್ತದೆ, ಆಗ ನೇರಕ್ಕೆ ಮಡಚಿದ ರಿಂಗ್ ಬಿಚ್ಚಿಕೊಳ್ಳುತ್ತದೆ, ಉದ್ದ ಕಬ್ಬಿಣ ಹೊರಗೆ ಬಾಗುತ್ತದೆ, ಪಿಲ್ಲರ್ ಕುಸಿದು ಕೂರುತ್ತದೆ. ಮೇಸ್ತ್ರಿ, "ಅಕ್ಕಾ, ನಮ್ಮ ಕಡೆ ಭೂಕಂಪ ಎಲ್ಲಿ ಆಗ್ತತಿ?" ಅಂದರು. ಎರಡನೇ ವಲಯಕ್ಕೆ ಇದು ಕಡ್ಡಾಯವಲ್ಲ ಅಂತ ಎಂಜಿನಿಯರ್ ಕೂಡ ಹೇಳಿದರು. ಒಂದು ರಿಂಗಿಗೆ ಬೇಕಾಗುವುದು ಕೆಲವೇ ಇಂಚು ಕಬ್ಬಿಣ, ಒಂದು ಮಡಿಕೆ ಜಾಸ್ತಿ ಕೈಕೆಲಸ. ನಾನು ಬಿಡಲಿಲ್ಲ. ಎರಡು ದಿನ ಸೈಟಲ್ಲೇ ಕೂತೆ, ಎಲ್ಲ ರಿಂಗೂ ಮಡಚಿಸಿದೆ. ಕೆಳಗೆ ಪೂರ್ತಿ ಪಾರ್ಕಿಂಗಿಗೆ ಬಿಟ್ಟು ಬರೀ ಪಿಲ್ಲರ್ ಮೇಲೆ ಮನೆ ನಿಲ್ಲಿಸುವ ಯೋಚನೆಯನ್ನೂ ಕೈಬಿಟ್ಟೆವು. 2001ರಲ್ಲಿ ಭುಜ್ ಭೂಕಂಪ ಆದಾಗ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಅಂಥ ಕಟ್ಟಡಗಳು ಬಿದ್ದಿದ್ದವು.

ಅಜ್ಜಿ ಮನೆಗೆ ಏನು ಮಾಡುವುದು ಅನ್ನುವುದೇ ದೊಡ್ಡ ಚಿಂತೆಯಾಗಿತ್ತು. ಭೂಕಂಪ ಆದರೆ ಮೇಜಿನ ಕೆಳಗೆ ಕೂರಿ ಅನ್ನುತ್ತಾರೆ, ಅದು ಗಟ್ಟಿ ಕಟ್ಟಡದವರಿಗೆ ಸರಿ. ಮಾಳಿಗೆ ಮನೆಯಲ್ಲಿ ಮೇಜೇ ಇಲ್ಲ, ಇದ್ದರೂ 40 ಟನ್ ತಡೆಯುವುದಿಲ್ಲ. ಬಾಗಿಲು ಹತ್ತಿರವಿದ್ದರೆ ಬಯಲಿಗೆ ಓಡುವುದೇ ಸರಿ. ಅಜ್ಜಿಗೆ ಓಡಲು ಆಗುವುದಿಲ್ಲ. ಅವರ ಮಂಚವನ್ನು ಬಾಗಿಲ ಪಕ್ಕ ಹಾಕಿಸಿದೆ.

ಮಣ್ಣಿನ ವಿಷಯಕ್ಕೆ ಮಾವ ಮೊದಲು ಒಪ್ಪಲಿಲ್ಲ, ಸೋರುತ್ತದೆ ಅಂತ. ಕಿಲ್ಲಾರಿಯ ಕಥೆ ಪೂರ್ತಿ ಹೇಳಿದೆ, ಲೆಕ್ಕ ಬರೆದು ತೋರಿಸಿದೆ. ಕಳೆದ ವಾರ ಒಂದಡಿ ಮಣ್ಣು ಕೆರೆದು ಇಳಿಸಿದರು, ಆರು ಟ್ರ್ಯಾಕ್ಟರ್ ಲೋಡ್ ಆಯಿತು. ಉಳಿದದ್ದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ತೆಳ್ಳಗೆ ಕರಲು ಹರಡಿದ್ದಾರೆ. ಮೊನ್ನೆಯ ಮಳೆಗೆ ಅಡುಗೆಮನೆ ಮೂಲೆಯಲ್ಲಿ ಮಾತ್ರ ಸ್ವಲ್ಪ ಸೋರಿದೆಯಂತೆ, ಭಾನುವಾರ ಹೋಗಿ ನೋಡಬೇಕು.