ಜಿಗಣೆ ಕಾಲುಚೀಲ ಮತ್ತು ಶಿಕಾಗೋ ವಿಮಾನ

ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಇಳಿದಾಗ ನನ್ನ ಶೂ ನನ್ನ ಕಾಲಿಗೇ ಹೋಗಲಿಲ್ಲ. ಬೆಂಗಳೂರಲ್ಲಿ ಹತ್ತಿದ ಕೂಡಲೇ ಕಳಚಿ ಮುಂದಿನ ಸೀಟಿನಡಿ ತಳ್ಳಿದ್ದೆ. ಹತ್ತು ಗಂಟೆ ಬಿಟ್ಟು ನೋಡಿದರೆ ಎರಡೂ ಪಾದ ಹಬೆಯಲ್ಲಿ ಬೆಂದ ಕಡುಬಿನ ಹಾಗೆ ಊದಿಕೊಂಡಿದ್ದವು. ಹಿಮ್ಮಡಿ ಹೊರಗೆ ಬಿಟ್ಟು, ಶೂ ತುಳಿದುಕೊಂಡು, ಪರಕ್ ಪರಕ್ ಎಂದು ಎಳೆಯುತ್ತಾ ಶಿಕಾಗೋ ಗೇಟು ಹುಡುಕಿದೆ. ಇನ್ನೂ ಒಂಬತ್ತು ಗಂಟೆ ಕೂರುವುದು ಬಾಕಿ ಇತ್ತು.

ಮಗಳ ಬಾಣಂತನಕ್ಕೆ ಹೊರಟಿದ್ದು ಜನವರಿ ಕೊನೆಗೆ. ಅರೇಬಿಕಾ ಕಾಫಿ ಕುಯ್ಲು ಮುಗಿದಿತ್ತು, ರೋಬಸ್ಟಾ ಗಿಡದಲ್ಲೇ ಇತ್ತು. ಹಾಗಾಗಿ ಇವರು ತೋಟಕ್ಕೆ, ನಾನೊಬ್ಬಳೇ ಅಮೆರಿಕಕ್ಕೆ. ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ವಿರಾಜಪೇಟೆ ಕಡೆಯವರಿಗೆ 2018ರಿಂದ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರಾದರೂ ಇದೆ. ಸೋಮವಾರಪೇಟೆಯ ನಮಗೆ ಶನಿವಾರಸಂತೆ, ಹಾಸನದ ಮೇಲೆ ಬೆಂಗಳೂರೇ ಗತಿ. ಕಾರಿನಲ್ಲಿ ಆರು ಗಂಟೆ ಕೂತು ಸೊಂಟ ಅರ್ಧ ಸೋತ ಮೇಲೆ ವಿಮಾನ ಹತ್ತಿದ್ದು.

ಸಿಕ್ಕಿದ್ದು ಮೂರರಲ್ಲಿ ನಡುವಿನ ಸೀಟು. ಕೈಚೀಲ ಬಿಟ್ಟಿರಲಾರದೆ ಕಾಲ ಬಳಿಯೇ ಇಟ್ಟುಕೊಂಡೆ. ಇದ್ದ ಗೇಣು ಜಾಗವೂ ಹೋಯಿತು. ಪಕ್ಕದ ಹುಡುಗ ಕಂಬಳಿ ಹೊದ್ದು ಮಲಗಿಬಿಟ್ಟ. ಎಬ್ಬಿಸಲು ಸಂಕೋಚ. ಎಬ್ಬಿಸದೆ ಬಾತ್‌ರೂಮಿಗೆ ಹೋಗುವಂತಿಲ್ಲ. ಅದಕ್ಕೆ ನಾನು ಕಂಡುಕೊಂಡ ಮಹಾ ಉಪಾಯ, ನೀರೇ ಕುಡಿಯದಿರುವುದು. ಕೊಟ್ಟಿದ್ದನ್ನೆಲ್ಲ ಮಾತ್ರ ತಿಂದೆ, ಮೇಲೆ ಎರಡು ಕ್ಯಾನ್ ಸೋಡಾ. ಹೊಟ್ಟೆ ನಗಾರಿ.

ಶಿಕಾಗೋದಲ್ಲಿ ನನ್ನ ಕಾಲು ನೋಡಿ ಮಗಳು ಮಗುವನ್ನು ಬಿಟ್ಟು ನನಗೆ ಬಾಣಂತನ ಮಾಡುವ ಹಾಗಾಯಿತು. "ಅಮ್ಮ, ಇಷ್ಟು ಹೊತ್ತು ಒಂದು ಸಲಾನೂ ಏಳಲಿಲ್ವಾ?" ಎಂದು ಬೈದಳು. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತಂತೆ. ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರಿಗೆ ಕೆರೆ ನೀರೆತ್ತುವ ನಮ್ಮ ಮೋಟಾರಿನ ಹಾಗೆ. ಕೂತೇ ಇದ್ದರೆ ಮೋಟಾರು ಬಂದ್, ನೀರೆಲ್ಲ ಕೆಳಗೆ. ನಾಲ್ಕು ಗಂಟೆಗಿಂತ ಹೆಚ್ಚು ಅಲುಗದೆ ಕೂತರೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. ನನಗೆ ಮೊದಲೇ ಕಾಲಲ್ಲಿ ನರ ಉಬ್ಬಿದೆ. ಊರಿನ ಡಾಕ್ಟರಿಗೆ ಫೋನ್ ಹಚ್ಚಿ ಕೇಳಿದ ಮೇಲೆಯೇ ಅವಳು ನನಗೆ ಬಿಗಿ ಕಾಲುಚೀಲ ತಂದಿದ್ದು.

ನೋಡಿದರೆ ಥೇಟ್ ಮಳೆಗಾಲದಲ್ಲಿ ತೋಟಕ್ಕೆ ಇಳಿಯುವಾಗ ಜಿಗಣೆ ಹತ್ತದಿರಲೆಂದು ನಾವು ಹಾಕುವ ಜಿಗಣೆ ಕಾಲುಚೀಲ! ಮೊಣಕಾಲ ಕೆಳಗಿನವರೆಗೆ ಬರುವಂಥದ್ದು. ಜೂನ್‌ನಲ್ಲಿ ವಾಪಸು ಹೊರಡುವ ಬೆಳಿಗ್ಗೆ, ಕಾಲು ಊದುವ ಮೊದಲೇ ಹಾಕಬೇಕೆಂದು ಮಂಚದ ಮೇಲೇ ಕೂರಿಸಿದಳು. ಹಿಮ್ಮಡಿವರೆಗೆ ಚೀಲವನ್ನು ಒಳಹೊರಗು ಮಾಡಿ, ಬೆರಳು ತೂರಿಸಿ, ಇಂಚಿಂಚೇ ಮೇಲಕ್ಕೆ. ಎಲ್ಲೂ ಸುಕ್ಕು ಬೀಳಬಾರದು. ಇಬ್ಬರಿಗೂ ಬೆವರು.

ಈ ಸಲ ಓಣಿ ಬದಿಯ ಸೀಟು. ಅದಕ್ಕೆಂದೇ ಸ್ವಲ್ಪ ದುಡ್ಡು ಹೆಚ್ಚು ಕೊಟ್ಟೆವು, ಕೊಟ್ಟ ಪ್ರತಿ ಡಾಲರೂ ವಸೂಲಾಯಿತು. ಕೈಚೀಲ ಮೇಲೆ ಹೋಯಿತು. ಶಾಲು ಸುರುಳಿ ಸುತ್ತಿ ಸೊಂಟದ ಹಿಂದೆ ಇಟ್ಟೆ, ಕುತ್ತಿಗೆಗೆ ಮಾರುವ ಆ ಕುದುರೆ ಲಾಳದ ದಿಂಬಿಗಿಂತ ಅದೇ ಲೇಸು. ಅಳಿಯ ಹೇಳಿಕೊಟ್ಟ ಒಂದು ಗುಟ್ಟೂ ಇತ್ತು: ಓಣಿ ಕಡೆಯ ಕೈದಿಂಡಿನ ಅಡಿಯಲ್ಲಿ, ಕೀಲಿನ ಹತ್ತಿರ ಬೆರಳಾಡಿಸಬೇಕು. ಸಣ್ಣ ಗುಂಡಿ ಕೈಗೆ ತಗುಲಿತು. ಒತ್ತಿ ಎತ್ತಿದೆ, ದಿಂಡು ಮೇಲೆದ್ದು ನಿಂತಿತು! ಎಲ್ಲ ವಿಮಾನದಲ್ಲೂ ಇರಲ್ಲವಂತೆ. ವಿಮಾನ ಮೇಲೇರುವಾಗ, ಇಳಿಯುವಾಗ ಕೆಳಗಿಡಬೇಕು. ಆದರೆ ನಡುವೆ ಕಾಲು ಒಂದು ಪಕ್ಕಕ್ಕೆ ತಿರುಗಿಸಿ ಕೂರುವ ಸುಖವೇ ಬೇರೆ.

ಗಂಟೆಗೊಮ್ಮೆ ಎದ್ದು ಹಿಂದಿನವರೆಗೆ ನಡೆದು ಬಂದೆ. ಬರುವಾಗಲೆಲ್ಲ ಒಂದು ಲೋಟ ನೀರು. ವಿಮಾನ 11,000 ಮೀಟರ್ ಮೇಲೆ ಹಾರಿದರೂ ಒಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟು ಇರುತ್ತದೆ. ನಮ್ಮ ಪುಷ್ಪಗಿರಿಯೇ 1,712 ಮೀಟರ್. ಅಂದರೆ ಪುಷ್ಪಗಿರಿ ತುದಿಗಿಂತ ಮೇಲೆ ಕೂತು ಊಟ ಮಾಡಿದ ಹಾಗೆ. ಅಲ್ಲಿ ಚಿಪ್ಸ್ ಪೊಟ್ಟಣ ಉಬ್ಬುವಂತೆಯೇ ಹೊಟ್ಟೆಯೊಳಗಿನ ಗಾಳಿಯೂ ಉಬ್ಬುತ್ತದೆ. ಹೋಗುವಾಗಿನ ಸೋಡಾ ನೆನಪಾಗಿ ನಗು ಬಂತು. ತೇವಾಂಶವೋ, ಶೇಕಡಾ 20ಕ್ಕೂ ಕಡಿಮೆ. ಮಳೆಗಾಲದಲ್ಲಿ ಉಪ್ಪಿನ ಭರಣಿಯೇ ನೀರಾಗುವ ಊರಿನವಳ ಮೂಗು, ತುಟಿ ಒಣಗದೆ ಇನ್ನೇನು? ತುಟಿಗೆ ತುಪ್ಪ ಸವರಿಕೊಂಡೆ.

ಕಾಫಿ ವಿಚಾರ ಮಾತ್ರ ಕೇಳಬೇಡಿ. ಒಣ ಗಾಳಿ, ಸದ್ದು ಸೇರಿ ನಾಲಿಗೆಗೆ ರುಚಿ ಹತ್ತಲ್ಲ ಅನ್ನುತ್ತಾರೆ. ಇರಬಹುದು. ಆದರೆ ಆ ಲೋಟದಲ್ಲಿದ್ದದ್ದು ಕಾಫಿ ಎಂದು ಕೋರ್ಟಿನಲ್ಲೂ ನಾನು ಸಾಕ್ಷಿ ಹೇಳಲ್ಲ.

ಬೆಂಗಳೂರಲ್ಲಿ ಶೂ ಸಲೀಸಾಗಿ ಕಾಲಿಗೆ ಹೋಯಿತು. ಶನಿವಾರಸಂತೆ ದಾಟುವಾಗ ಮಳೆ ಹಿಡಿದಿತ್ತು.

ಮಾರನೇ ದಿನ ಕಾಲುಚೀಲ ಒಗೆದು ಒಲೆ ಮೇಲಿನ ತಂತಿಗೆ ಹಾಕಿದ್ದೆ. ತೋಟದ ಕೆಲಸಕ್ಕೆ ಬರುವಾಕೆ ಮುಟ್ಟಿ ನೋಡಿದಳು. "ಅಕ್ಕ, ಅಮೆರಿಕದ ಜಿಗಣೆ ಸಾಕ್ಸಾ? ಇಷ್ಟು ಬಿಗಿ ಇದ್ರೆ ಒಂದೂ ಹತ್ತಲ್ಲ ಬಿಡಿ." ಇವರು ಅದನ್ನು ನಂಬಿ, ನನಗೆ ಹೇಳದೆ, ಎಳೆದು ಹಾಕಿಕೊಂಡು ಕಾಳುಮೆಣಸಿನ ಬಳ್ಳಿ ನೋಡಲು ಹೋದರು. ಮಧ್ಯಾಹ್ನ ಜಗಲಿಯಲ್ಲಿ ಕೂತು ಬಿಚ್ಚಿದರೆ ಒಳಗೆ ಮೂರು ಜಿಗಣೆ, ಹೊಟ್ಟೆ ತುಂಬಾ ಕುಡಿದು ಗುಂಡಗಾಗಿದ್ದವು.