ಅದು ಒಂದೇ ಅಣು ಎಂದು ಹೇಗೆ ಗೊತ್ತು?

ಬೆಳ್ಳಿಯ ನ್ಯಾನೊಕಣಗಳ ನೆರವಿನಿಂದ ಒಂದೇ ಒಂದು ಅಣುವನ್ನು ಬೆಳಕಿನಲ್ಲಿ ಗುರುತಿಸುವ ಕೆಲಸ ನನ್ನದು ಎಂದರೆ ಸಾಕು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರೂ ಕೇಳುತ್ತಾರೆ: "ಕಣ್ಣಿಗೆ ಕಾಣದ್ದು ಒಂದೋ ನೂರೋ, ನಿಮಗೆ ಹೇಗೆ ಗೊತ್ತು?" ಮೊದಮೊದಲು ಸಿಡುಕುತ್ತಿದ್ದೆ. ಆಮೇಲೆ ತಿಳಿಯಿತು, ಈ ಕ್ಷೇತ್ರವೇ ವರ್ಷಗಟ್ಟಲೆ ತಡಕಾಡಿದ್ದು ಇದೇ ಪ್ರಶ್ನೆಗೆ.

1928ರಲ್ಲಿ ಸಿ.ವಿ. ರಾಮನ್ ಕಲ್ಕತ್ತದಲ್ಲಿ ಕಂಡದ್ದು ಇದರ ಬುನಾದಿ. ಅಣುವಿಗೆ ತಗುಲಿ ಚದುರುವ ಬೆಳಕಿನಲ್ಲಿ ಅತಿ ಚಿಕ್ಕ ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ. ಆ ಬದಲಾವಣೆಯೇ ಅಣುವಿನ ಬೆರಳಚ್ಚು. ತೊಂದರೆಯೆಂದರೆ ಕೋಟಿ ಫೋಟಾನ್‌ಗಳಲ್ಲಿ (ಬೆಳಕಿನ ಕಣಗಳಲ್ಲಿ) ಹೀಗೆ ಬರುವುದು ಒಂದೋ ಎರಡೋ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ರಸಾಯನವಿಜ್ಞಾನಿ ಫ್ಲೈಶ್‌ಮನ್ ಮತ್ತು ಸಂಗಡಿಗರು ಒರಟು ಬೆಳ್ಳಿಯ ಮೇಲೆ ಕುಳಿತ ಪಿರಿಡಿನ್ ಎಂಬ ರಾಸಾಯನಿಕದಿಂದ ಅನಿರೀಕ್ಷಿತವಾಗಿ ಜೋರಾದ ಸಂಕೇತ ಪಡೆದರು. ಒರಟು ಮೈಯಲ್ಲಿ ಹೆಚ್ಚು ಅಣುಗಳು ಕೂತಿರಬೇಕು ಎಂದುಕೊಂಡರು. ಕಾರಣ ಅದಷ್ಟೇ ಅಲ್ಲ, ಲಕ್ಷಪಟ್ಟು ಹೆಚ್ಚಳಕ್ಕೆ ಲೋಹವೇ ಕಾರಣ ಎಂದು 1977ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದವು.

ಲೋಹದ ಕಣಕ್ಕೆ ಬೆಳಕು ಬಿದ್ದರೆ ಅದರ ಎಲೆಕ್ಟ್ರಾನ್‌ಗಳು ಒಟ್ಟಾಗಿ ತುಯ್ದಾಡುತ್ತವೆ. ಎರಡು ಕಣಗಳ ನಡುವೆ ಒಂದೆರಡು ನ್ಯಾನೊಮೀಟರ್ ಸಂದಿ ಉಳಿದರೆ ಬೆಳಕಿನ ಬಲವೆಲ್ಲ ಅಲ್ಲಿ ಇಕ್ಕಟ್ಟಾಗುತ್ತದೆ. ಲೋಹ ಒಳಗೆ ಬರುವ ಬೆಳಕನ್ನೂ ಹೊರಗೆ ಹೋಗುವ ಬೆಳಕನ್ನೂ ಹೆಚ್ಚಿಸುವುದರಿಂದ, ಸಂದಿಯಲ್ಲಿ ವಿದ್ಯುತ್ ಕ್ಷೇತ್ರ ನೂರುಪಟ್ಟಾದರೆ ಸಂಕೇತ ಸುಮಾರು ಹತ್ತು ಕೋಟಿ ಪಟ್ಟಾಗುತ್ತದೆ! ಕಣಗಳು ಹತ್ತಿರ ಬಂದದ್ದನ್ನು ಕಣ್ಣಾರೆ ನೋಡಬೇಕೆಂದರೆ ಚಿನ್ನದ ಕಣಗಳ ದ್ರಾವಣ ಸಾಕು. ದಾಳಿಂಬೆ ರಸದಂತೆ ಕೆಂಪಗಿರುತ್ತದೆ. ಉಪ್ಪುನೀರು ಬಿದ್ದರೆ ಕಣಗಳು ಗುಂಪುಗೂಡಿ ನೀಲಿಗೆ ತಿರುಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ.

1997ರಲ್ಲಿ ಎರಡು ತಂಡಗಳು ಒಂಟಿ ಅಣುವನ್ನು ಕಂಡೆವೆಂದವು. ಆಧಾರ: ಒಂದು ಕಣಕ್ಕೆ ಒಂದಕ್ಕಿಂತ ಹೆಚ್ಚು ಅಣು ಸಿಗಲಾರದಷ್ಟು ದ್ರಾವಣ ತೆಳುವಾಗಿದೆ, ಸಂಕೇತವೂ ಒಂಟಿ ಅಣುವಿನದೆಂಬಂತೆ ಮಿನುಗುತ್ತಿದೆ. ಇದು ಪುರಾವೆಯಲ್ಲ, ಲೆಕ್ಕಾಚಾರ ಎಂದೇ ನನ್ನ ಅಭಿಪ್ರಾಯ.

ನಂಬಿಕೆ ಬಂದದ್ದು 2006ರಲ್ಲಿ, ನ್ಯೂಜಿಲೆಂಡಿನ ಲೆ ರು ಮತ್ತು ಎಚೆಗೊಯಿನ್ ತಂಡ ಬೇರೆ ಬೇರೆ ಬೆರಳಚ್ಚಿನ ಎರಡು ಬಣ್ಣಗಳನ್ನು (ಬಟ್ಟೆಗೆ ಹಾಕುವಂಥ ಬಣ್ಣದ ರಾಸಾಯನಿಕಗಳನ್ನು) ಬೆರೆಸಿ ನೋಡಿದ ಮೇಲೆ. ಬಿಳಿ ಎಳ್ಳು, ಕರಿ ಎಳ್ಳು ಕಲಸಿಟ್ಟು ಒಂದು ಚಿಟಿಕೆ ತೆಗೆಯಿರಿ, ಎರಡೂ ಬರುತ್ತವೆ. ಒಂದೇ ಕಾಳು ಎತ್ತಿದರೆ ಬಿಳಿ, ಇಲ್ಲವೇ ಕರಿ. ಸಂಕೇತವೂ ಹಾಗೆಯೇ: ಸಲಸಲಕ್ಕೂ ಎರಡರ ಬೆರಳಚ್ಚೂ ಬೆರೆತು ಬಂದರೆ ಅಲ್ಲಿ ಗುಂಪಿದೆ, ಒಮ್ಮೆ ಇದು, ಇನ್ನೊಮ್ಮೆ ಅದು ಬಿಡಿಬಿಡಿಯಾಗಿ ಬಂದರೆ ಒಂಟಿ. ಎರಡು ಬಣ್ಣಗಳು ಬೆಳ್ಳಿಗೆ ಒಂದೇ ಸಮ ಅಂಟುತ್ತವೆಯೇ ಎಂಬ ತಕರಾರನ್ನೂ ಮರುವರ್ಷ ಇನ್ನೊಂದು ತಂಡ ತೀರಿಸಿತು. ಅವರು ಬಳಸಿದ್ದು ಒಂದೇ ಬಣ್ಣವನ್ನು, ರೋಡಮಿನ್ 6ಜಿ. ಅರ್ಧ ಪಾಲಿನಲ್ಲಿ ಕೆಲವು ಹೈಡ್ರೋಜನ್‌ಗಳ ಬದಲು ಅದರದೇ ಭಾರದ ರೂಪವಾದ ಡ್ಯೂಟೀರಿಯಂ. ಹಾಗಾಗಿ ಅಂಟುವುದು ಒಂದೇ ಸಮ, ಬೆರಳಚ್ಚು ಮಾತ್ರ ಬೇರೆ.

ಇಷ್ಟು ಹೇಳಿದ ಕೂಡಲೇ ಬರುವ ಮರುಪ್ರಶ್ನೆ: "ಹಾಗಾದರೆ ರಕ್ತದ ಹನಿಯಲ್ಲಿ ಕ್ಯಾನ್ಸರಿನ ಒಂದೇ ಅಣುವಿದ್ದರೂ ಸಿಗುತ್ತದಲ್ಲ?" ಇಲ್ಲ. ನಾವು ಕಾಣುವುದು ಸಂದಿಗೆ ಬಿದ್ದ ಅಣುವನ್ನು ಮಾತ್ರ. ಹೆಚ್ಚಿನವು ಸಂದಿಯ ಹೊರಗೇ ಕೂತಿರುತ್ತವೆ.